ವಸಈ ಕೋಟೆ ಮತ್ತು ಅದರೊಳಗಣ ಇಗರ್ಜಿ

ರಜೆಯ ದಿನ ಲೋಕಲ್ ಹಿಡಿದು ವಸಈ ರೋಡಿನಲ್ಲಿ ಇಳಿಯುವ ವಾಚಕ ಬಂಧುಗಳಿಗೆ ಈ ಪಾಠ.

ಗುಜರಾತಿನ ಸುಲ್ತಾನ ಬಹಾದುರ್ ಶಾಹನು 1534ರ ಒಪ್ಪಂದದಂತೆ ವಸಈಯನ್ನು ಪೋರ್ಚುಗೀಸರಿಗೆ ಬಿಟ್ಟುಕೊಟ್ಟನು. ಅವರು ಕಟ್ಟಿದ ಕೋಟೆಗೆ ಎರಡು ಹೆಬ್ಬಾಗಿಲು: ನೆಲದ ಕಡೆಗೊಂದು, ಕಡಲ ಕಡೆಗೊಂದು. ನೆಲಬಾಗಿಲಲ್ಲಿ ನುಗ್ಗಿದ ವೈರಿ ನೇರವಾಗಿ ಒಳಸೇರಲಾರ. ದಾರಿ ತಿರುಗುತ್ತದೆ, ಮುಂದೆ ಮತ್ತೊಂದು ಬಾಗಿಲು.

ಸಂತ ಜೋಸೆಫರ ಇಗರ್ಜಿಯ ದ್ವಾರವಾದರೋ ನೇರ. ಅದರ ಮೇಲಣ ಶಾಸನ 1601ರ ಜೀರ್ಣೋದ್ಧಾರವನ್ನು ತಿಳಿಸುತ್ತದೆ. ಎತ್ತರದ ಗೋಪುರ ನಿಂತಿದೆ, ಮಾಡು ಹೋಗಿದೆ. ನಾವು ಒಳಗೆ ನಿಂತು ತಲೆಯೆತ್ತಿದರೆ ಕಂಡದ್ದು ಆಕಾಶ.

1739ರ ಮೇ ತಿಂಗಳಲ್ಲಿ ಚಿಮಾಜಿ ಅಪ್ಪನ ಸೈನ್ಯ ಸುರಂಗ ತೋಡಿ, ಮದ್ದಿಟ್ಟು ಕೊತ್ತಲವನ್ನು ಒಡೆಯಿತು. ಕೋಟೆ ಮರಾಠರ ವಶವಾಯಿತು. ವಸಈಯ ಇಗರ್ಜಿಗಳ ಗಂಟೆಗಳು ದೇವಾಲಯಗಳನ್ನು ಸೇರಿದವು, ಒಂದು ಭೀಮಾಶಂಕರದಲ್ಲಿದೆ. ಲೂಟಿಯೆನ್ನಿ, ವಿಜಯದ ಕಾಣಿಕೆಯೆನ್ನಿ. ಕರಗಿಸದೆ ಉಳಿಸಿದರಲ್ಲಾ ಎಂಬುದು ನಮ್ಮ ಸಮಾಧಾನ.