ಡರ್ಟ್ ಬೈಕ್ ಎಂಜಿನ್ ಬಿಚ್ಚಿ ಜೋಡಿಸೋದು: ಸವೆದದ್ದು ಏನು, ಯಾಕೆ?

ಈ ಸಂಚಿಕೆಯಲ್ಲಿ ಜೀವಕೋಶ ಇಲ್ಲ, ಪ್ರೋಟೀನ್ ಇಲ್ಲ. 250 ಸಿಸಿಯ ಒಂದು ಫೋರ್-ಸ್ಟ್ರೋಕ್ ಡರ್ಟ್ ಬೈಕ್ ಎಂಜಿನ್ ಇದೆ. ನಾವಿರೋದು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ. ಎರಡು ಗಂಟೆ ಕಾರಲ್ಲಿ ಹೋದ್ರೆ ಮೊಹಾವಿ ಮರುಭೂಮಿ. ಅಲ್ಲಿ ಓಡಿಸೋಕೆ ಅಂತ ನಾನೂ ಒಬ್ಬ ಗೆಳೆಯನೂ ಸೇರಿ ಹಳೇ ಬೈಕೊಂದನ್ನ ಕೊಂಡ್ವಿ. ಕೊಂಡ ದಿನ ಒಂದೇ ಕಿಕ್‌ಗೆ ಸ್ಟಾರ್ಟ್. ಮೂರು ವಾರ ಆಗೋದ್ರೊಳಗೆ ಹದಿನೈದು ಕಿಕ್ ಹೊಡೆದ್ರೂ ಸ್ವಲ್ಪ ಕೆಮ್ಮಿ ಸುಮ್ಮನಾಗ್ತಿತ್ತು. ಆದ್ರೆ ತಳ್ಳಿ ಸ್ಟಾರ್ಟ್ ಮಾಡಿದ್ರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಓಡ್ತಿತ್ತು. ಈ ಲಕ್ಷಣವನ್ನ ನೆನಪಿಟ್ಟುಕೊಳ್ಳಿ.

ನಾವಿಬ್ಬರೂ ಎಂಜಿನ್ ಬಿಚ್ಚಿದ್ದು ಇದೇ ಮೊದಲು. ಊರಿನ ಗ್ಯಾರೇಜಿನಲ್ಲಾಗಿದ್ರೆ "ಎಂಜಿನ್ ಬೋರ್‌ಗೆ ಬಂದಿದೆ ಸಾರ್" ಅಂತ ಎರಡು ನಿಮಿಷದಲ್ಲಿ ತೀರ್ಪು ಬರ್ತಿತ್ತೇನೋ. ನನ್ನ ಕಸುಬಿನ ಚಾಳಿ ಬೇರೆ. ಬಿಚ್ಚೋ ಮೊದಲು ಅಳತೆ ಮಾಡಬೇಕು, ಯಾಕಂದ್ರೆ ಬಿಚ್ಚಿದ ಮೇಲೆ ಸಾಕ್ಷಿ ಚದುರಿಹೋಗುತ್ತೆ.

ಮೊದಲು ಮಾಡಿದ್ದು ಲೀಕ್-ಡೌನ್ ಪರೀಕ್ಷೆ. ಪಿಸ್ಟನ್ ಮೇಲಿನ ತುದಿಯಲ್ಲಿರಬೇಕು, ವಾಲ್ವುಗಳೆಲ್ಲ ಮುಚ್ಚಿರಬೇಕು. ಸ್ಪಾರ್ಕ್ ಪ್ಲಗ್ ತೆಗೆದು, ಆ ತೂತಿನಿಂದ ಕಂಪ್ರೆಸರ್ ಗಾಳಿ ಬಿಟ್ಟು, ಎಷ್ಟು ಸೋರುತ್ತೆ ಅಂತ ಗೇಜಿನಲ್ಲಿ ನೋಡೋದು. ಗೇಜಿಗಿಂತ ಹೆಚ್ಚು ಹೇಳೋದು ಕಿವಿ. ಕಾರ್ಬೊರೇಟರ್ ಕಡೆಯಿಂದ ಸುಯ್ಯಂತ ಸದ್ದು ಬಂದ್ರೆ ಇನ್‌ಟೇಕ್ ವಾಲ್ವು ಸೋರ್ತಿದೆ. ಸೈಲೆನ್ಸರ್ ಕಡೆಯಿಂದ ಬಂದ್ರೆ ಎಕ್ಸಾಸ್ಟ್ ವಾಲ್ವು. ಕ್ರ್ಯಾಂಕ್‌ಕೇಸಿನ ಉಸಿರುಗೊಳವೆಯಿಂದ ಜೋರಾಗಿ ಬಂದ್ರೆ ಪಿಸ್ಟನ್ ರಿಂಗ್. ರೇಡಿಯೇಟರ್ ನೀರಲ್ಲಿ ಗುಳ್ಳೆ ಎದ್ರೆ ಹೆಡ್ ಗ್ಯಾಸ್ಕೆಟ್. ಎದೆಗೆ ಸ್ಟೆತಸ್ಕೋಪ್ ಇಟ್ಟು, ಸೋರೋ ಹೃದಯ ಕವಾಟದ ಮರ್ಮರ ಕೇಳೋ ಡಾಕ್ಟರ ಕೆಲಸಕ್ಕೂ ಇದಕ್ಕೂ ಬಹಳ ವ್ಯತ್ಯಾಸ ಇಲ್ಲ. ನಮ್ಮ ಎಂಜಿನ್ನಿನ ಸದ್ದು ಬಂದದ್ದು ಕಾರ್ಬೊರೇಟರ್ ಕಡೆಯಿಂದ.

ಆಮೇಲೆ ಟ್ಯಾಪೆಟ್ ಗ್ಯಾಪ್. ಕ್ಯಾಮ್‌ಗೂ ವಾಲ್ವಿನ ಮೇಲಿರೋ ಬಟ್ಟಲಿನಂಥ ಭಾಗಕ್ಕೂ ನಡುವೆ, ಎಂಜಿನ್ ತಣ್ಣಗಿದ್ದಾಗ, ಒಂದು ಚೂರು ಜಾಗ ಇರಲೇಬೇಕು. ಈ ಬೈಕಿನ ಮ್ಯಾನ್ಯುಯಲ್ ಪ್ರಕಾರ ಇನ್‌ಟೇಕ್‌ಗೆ 0.10ರಿಂದ 0.15 ಮಿಲಿಮೀಟರ್. ನಮ್ಮ ಎರಡು ಇನ್‌ಟೇಕ್ ವಾಲ್ವುಗಳಲ್ಲಿ ಫೀಲರ್ ಗೇಜಿನ 0.05ರ ಪಟ್ಟಿ ಕೂಡ ತೂರಲಿಲ್ಲ. ಎಕ್ಸಾಸ್ಟ್ ಎರಡೂ ಸರಿಯಾಗೇ ಇದ್ವು.

ಇಲ್ಲಿ ಒಂದು ಕ್ಷಣ ನಿಲ್ಲೋಣ. ಸವೆದರೆ ಸಡಿಲ ಆಗಬೇಕು ತಾನೆ? ಚಪ್ಪಲಿ, ಬಾಗಿಲ ತಿರುಗಣಿ, ಸೈಕಲ್ ಚೈನು ಎಲ್ಲ ಹಾಗೇ. ಇಲ್ಲಿ ಗ್ಯಾಪ್ ಹೆಚ್ಚೋ ಬದಲು ಮುಚ್ಚಿಹೋಗಿದೆ. ಯಾಕೆ? ವಾಲ್ವನ್ನ ತಲೆಕೆಳಗಾದ ಅಣಬೆ ಅಂದ್ಕೊಳ್ಳಿ. ಅಣಬೆಯ ಕೊಡೆ ಕೆಳಗೆ, ಸಿಲಿಂಡರ್ ಒಳಗೆ. ದಂಟು ಮೇಲೆ, ಕ್ಯಾಮ್ ಕಡೆಗೆ. ಸ್ಪ್ರಿಂಗು ಆ ಕೊಡೆಯನ್ನ ಮೇಲಕ್ಕೆ ಎಳೆದು ಸೀಟಿಗೆ ಒತ್ತಿ ಹಿಡಿಯುತ್ತೆ. ಕೊಡೆಯ ಅಂಚೋ ಸೀಟೋ ಸವೆದ ಹಾಗೆಲ್ಲ ಇಡೀ ಅಣಬೆ ಮೇಲೆ ಮೇಲೆ ಹತ್ತುತ್ತೆ, ದಂಟಿನ ತುದಿ ಕ್ಯಾಮ್‌ಗೆ ಹತ್ತಿರ ಆಗುತ್ತೆ. ಗ್ಯಾಪ್ ಪೂರ್ತಿ ಮುಗಿದಾಗ ಕ್ಯಾಮ್ ವಾಲ್ವನ್ನ ಸರಿಯಾಗಿ ಮುಚ್ಚೋಕೇ ಬಿಡಲ್ಲ. ಕಿಕ್ ಹೊಡೆಯುವಾಗ ಎಂಜಿನ್ ನಿಧಾನವಾಗಿ ತಿರುಗೋದ್ರಿಂದ ಒತ್ತಡ ಸೋರಿಹೋಗೋಕೆ ಸಮಯ ಸಿಗುತ್ತೆ. ತಳ್ಳಿದಾಗ ವೇಗ ಹೆಚ್ಚು, ಸೋರೋಕೆ ಸಮಯ ಕಡಿಮೆ, ಹಾಗಾಗಿ ಹತ್ತಿಕೊಳ್ಳುತ್ತೆ. ನೆನಪಿಟ್ಟುಕೊಳ್ಳಿ ಅಂದಿದ್ನಲ್ಲ, ಆ ಲಕ್ಷಣದ ಅರ್ಥ ಇದು.

ಇನ್ನೂ ಒಂದು ಅಪಾಯ ಇದೆ. ವಾಲ್ವಿನ ಬಿಸಿ ಬಹುಪಾಲು ಇಳಿಯೋದು ಸೀಟಿಗೆ ತಾಗಿ ಕೂತ ಹೊತ್ತಲ್ಲಿ. ಸರಿಯಾಗಿ ಕೂರದ ವಾಲ್ವು ಕಾಯುತ್ತಲೇ ಹೋಗುತ್ತೆ. ಕೊಡೆ ಮುರಿದು ಪಿಸ್ಟನ್ ಮೇಲೆ ಬಿದ್ರೆ ಪಿಸ್ಟನ್, ಹೆಡ್, ಕೆಲವು ಸಲ ಕ್ರ್ಯಾಂಕ್‌ಕೇಸ್ ಕೂಡ ಪುಡಿ. ಮೊಬೈಲ್ ಸಿಗ್ನಲ್ ಇಲ್ಲದ ಮರಳಲ್ಲಿ, ಒಳ್ಳೇ ವೇಗದಲ್ಲಿದ್ದಾಗ ಎಂಜಿನ್ ಹಾಗೆ ಹಿಡ್ಕೊಂಡ್ರೆ ಹಿಂದಿನ ಚಕ್ರ ಲಾಕ್ ಆಗಿ ಸವಾರ ನೆಲಕ್ಕೆ. ಪಾರ್ಟಿನ ದುಡ್ಡು ಆಮೇಲಿನ ಮಾತು.

ಹೆಡ್ ಬಿಚ್ಚಿದಾಗ ಕಥೆ ಪೂರ್ತಿ ಗೊತ್ತಾಯ್ತು. ಈ ಎಂಜಿನ್‌ನಲ್ಲಿ ಸ್ಕ್ರೂ ತಿರುಗಿಸಿ ಟ್ಯಾಪೆಟ್ ಸೆಟ್ ಮಾಡೋಕಾಗಲ್ಲ. ವಾಲ್ವಿನ ತುದಿ ಮೇಲೆ ಶಿಮ್ ಅನ್ನೋ ಪುಟ್ಟ ಉಕ್ಕಿನ ಬಿಲ್ಲೆ ಇರುತ್ತೆ. ತೆಳ್ಳಗಿನದು ಹಾಕಿದ್ರೆ ಗ್ಯಾಪ್ ಹೆಚ್ಚುತ್ತೆ. ಮೈಕ್ರೋಮೀಟರ್‌ನಲ್ಲಿ ಅಳೆದ್ವಿ. ಎಕ್ಸಾಸ್ಟ್ ಬಿಲ್ಲೆಗಳು 1.85 ಮಿಲಿಮೀಟರ್ ಆಸುಪಾಸು. ಇನ್‌ಟೇಕ್ ಬಿಲ್ಲೆಗಳು 1.40, ಅದೂ ಹೊಳೆಯೋ ಹೊಸವು. ಅಂದ್ರೆ ವಾಲ್ವು ಸುಮಾರು ಅರ್ಧ ಮಿಲಿಮೀಟರ್ ಒಳಗೆ ಹೂತುಹೋಗಿದೆ, ಮಾರಾಟಕ್ಕೆ ಮುಂಚೆ ಯಾರೋ ತೆಳ್ಳನೆ ಬಿಲ್ಲೆ ಹಾಕಿ ಗ್ಯಾಪ್ ಸರಿಮಾಡಿದ್ದಾರೆ. ಆ ದಿನದ ಒಂದೇ ಕಿಕ್ಕಿನ ಗುಟ್ಟು ಇದೇ. ಬಿಲ್ಲೆ ಬದಲಿಸೋದು ತಪ್ಪಲ್ಲ, ಅದು ಮಾಮೂಲಿ ಸರ್ವೀಸ್. ಸವೆತ ಇಷ್ಟು ಮುಂದುವರಿದ ಮೇಲೆ ಮಾತ್ರ ಅದು ಜ್ವರದ ಮಾತ್ರೆ ಕೊಟ್ಟು ನ್ಯುಮೋನಿಯಾ ಮುಚ್ಚಿಟ್ಟ ಹಾಗೆ.

ಇನ್‌ಟೇಕ್ ಮಾತ್ರ ಯಾಕೆ ಸವೀತು? ಅದು ಬರೀ ದುರಾದೃಷ್ಟ ಅಲ್ಲ. ತೊಂಬತ್ತರ ದಶಕದವರೆಗೆ ಮೋಟೋಕ್ರಾಸ್ ಟೂ-ಸ್ಟ್ರೋಕ್‌ಗಳ ರಾಜ್ಯ. 1997ರಲ್ಲಿ ಲಾಸ್ ವೇಗಸ್ಸಿನ ಸೂಪರ್‌ಕ್ರಾಸ್ ರೇಸನ್ನ ಡಗ್ ಹೆನ್ರಿ ಯಮಹಾದ ಫೋರ್-ಸ್ಟ್ರೋಕ್ ಮೇಲೆ ಗೆದ್ದರು. 1998ಕ್ಕೆ ವೈಝಡ್400ಎಫ್ ಮಾರುಕಟ್ಟೆಗೆ ಬಂತು. 125 ಸಿಸಿ ಟೂ-ಸ್ಟ್ರೋಕ್ ಜೊತೆ 250 ಸಿಸಿ ಫೋರ್-ಸ್ಟ್ರೋಕ್ ಓಡಬಹುದು ಅಂತ ನಿಯಮ ಇತ್ತು. ಗೆಲ್ಲೋಕೆ ಎಂಜಿನ್ ವಿಪರೀತ ವೇಗವಾಗಿ ತಿರುಗಬೇಕು. ನಿಮಿಷಕ್ಕೆ 13,000 ಸುತ್ತು ಅಂದ್ರೆ ಒಂದೊಂದು ವಾಲ್ವೂ ಸೆಕೆಂಡಿಗೆ 108 ಸಲ ತೆರೆದು ಮುಚ್ಚಬೇಕು. ಭಾರದ ಉಕ್ಕಿನ ವಾಲ್ವನ್ನ ಆ ವೇಗದಲ್ಲಿ ವಾಪಸ್ ಎಳೆಯೋಕೆ ಸ್ಪ್ರಿಂಗ್ ಒದ್ದಾಡುತ್ತೆ. ಹಾಗಾಗಿ ಟೈಟಾನಿಯಂ ಬಂತು: ಉಕ್ಕಿನ ಸಾಂದ್ರತೆ 7.8 ಇದ್ರೆ ಇದರದ್ದು 4.5. ಆದ್ರೆ ಟೈಟಾನಿಯಂ ಉಜ್ಜಾಟ ತಡೆಯಲ್ಲ, ಅದರ ಮೇಲೆ ಗಟ್ಟಿ ಲೇಪನ ಕೊಡ್ತಾರೆ. ಮರುಭೂಮಿ ಧೂಳಿನಲ್ಲಿರೋದು ಬೆಣಚುಕಲ್ಲಿನ ಪುಡಿ. ಏರ್ ಫಿಲ್ಟರ್ ದಾಟಿದ ಧೂಳು ಮೊದಲು ಹೊಡೆಯೋದು ಇನ್‌ಟೇಕ್ ವಾಲ್ವಿಗೇ. ಲೇಪನ ಒಮ್ಮೆ ಹೋಯ್ತು ಅಂದ್ರೆ ಮುಂದಿನ ಸವೆತ ಬಹಳ ಬೇಗ.

ಫಿಲ್ಟರ್ ತೆಗೆದು ನೋಡಿದ್ವಿ. ಸ್ಪಂಜಿಗೆ ಎಣ್ಣೆಯೇ ಇಲ್ಲ, ಅಂಚಿನಲ್ಲಿ ಗ್ರೀಸ್ ಇಲ್ಲ, ಅದರ ಹಿಂದಿನ ರಬ್ಬರ್ ಕೊಳವೆಯೊಳಗೆ ಬೆರಳಾಡಿಸಿದ್ರೆ ಮರಳು. ಹೊಸ ವಾಲ್ವು ಹಾಕಿ ಇದನ್ನ ಹೀಗೇ ಬಿಟ್ಟಿದ್ರೆ ಮತ್ತೆ ಅದೇ ಕಥೆ.

ಇನ್ನು ಜೋಡಣೆ. ಊರಿನ ಅಭ್ಯಾಸ ಇರೋರಿಗೆ ಎರಡು ಎಚ್ಚರಿಕೆ. ಈ ಸಿಲಿಂಡರಿನ ಒಳಗೋಡೆಗೆ ನಿಕ್ಕಲ್ ಮತ್ತು ಸಿಲಿಕಾನ್ ಕಾರ್ಬೈಡ್ ಲೇಪನ ಇರುತ್ತೆ, ಹಳೇ ಬೈಕುಗಳ ಹಾಗೆ ಸುಮ್ಮನೆ ಬೋರ್ ಮಾಡಿಸೋಕೆ ಬರಲ್ಲ. ಪೇಸ್ಟ್ ಹಚ್ಚಿ ವಾಲ್ವು ಉಜ್ಜಿ ಕೂರಿಸೋ ಲ್ಯಾಪಿಂಗ್ ಅಂತೂ ಟೈಟಾನಿಯಂಗೆ ಬೇಡವೇ ಬೇಡ, ಲೇಪನ ನಾವೇ ಕೆರೆದ ಹಾಗಾಗುತ್ತೆ. ನಾವು ರೇಸ್ ಓಡಿಸೋರಲ್ಲ, ಹಾಗಾಗಿ ಇನ್‌ಟೇಕ್‌ಗೆ ಸ್ಟೇನ್‌ಲೆಸ್ ಸ್ಟೀಲ್ ವಾಲ್ವು, ಅದರ ತೂಕಕ್ಕೆ ತಕ್ಕ ಗಟ್ಟಿ ಸ್ಪ್ರಿಂಗು ಆರಿಸಿದ್ವಿ. ಸೀಟು ಕತ್ತರಿಸೋ ಕೆಲಸವನ್ನ ಮಷೀನ್ ಶಾಪಿಗೆ ಕೊಟ್ವಿ. ಅದು ಮನೇಲಿ ಆಗೋ ಕೆಲಸ ಅಲ್ಲ, ಹಳೇ ಸೀಟಿನ ಮೇಲೆ ಹೊಸ ವಾಲ್ವು ಕೂರಿಸೋದು ದುಡ್ಡು ದಂಡ. ಹೆಡ್ ಬಿಚ್ಚಿದ್ದೇ ಆಯ್ತು ಅಂತ ಪಿಸ್ಟನ್, ರಿಂಗ್, ಗ್ಯಾಸ್ಕೆಟ್, ಟೈಮಿಂಗ್ ಚೈನ್ ಕೂಡ ಹೊಸದು.

ಎದೆ ಢವಢವ ಅಂದದ್ದು ಕ್ಯಾಮ್ ಟೈಮಿಂಗ್ ಹೊತ್ತಲ್ಲಿ. ಕ್ರ್ಯಾಂಕ್ ಎರಡು ಸುತ್ತು ಬಂದ್ರೆ ಕ್ಯಾಮ್ ಒಂದು ಸುತ್ತು. ಚೈನ್ ಹಲ್ಲು ತಪ್ಪಿದ್ರೆ ಈ ಲಯ ಕೆಡುತ್ತೆ, ಹೆಚ್ಚು ತಪ್ಪಿದ್ರೆ ವಾಲ್ವು ಪಿಸ್ಟನ್‌ಗೆ ಬಡಿಯುತ್ತೆ. ಫ್ಲೈವೀಲ್ ಗುರುತು ಸರಿಹೊಂದಿಸಿ, ಕ್ಯಾಮ್ ಗುರುತು ನೋಡಿ, ಚೈನ್ ಟೆನ್ಷನರ್ ಹಾಕಿದ ಮೇಲೆ ಮತ್ತೊಮ್ಮೆ ನೋಡಿ. ಆಮೇಲೆ ಸ್ಪ್ಯಾನರ್‌ನಲ್ಲಿ ಕೈಯಾರೆ ಎರಡು ಪೂರ್ತಿ ಸುತ್ತು ತಿರುಗಿಸಿ. ಎಲ್ಲಾದ್ರೂ ಗಟ್ಟಿಯಾಗಿ ತಡೆದ್ರೆ ಬಲ ಹಾಕಬೇಡಿ, ಬಿಚ್ಚಿ. ಕೈಗೆ ಸಿಕ್ಕ ತಡೆ ಕಿಕ್ ಹೊಡೆದಾಗಿನ ತಡೆಗಿಂತ ಎಷ್ಟೋ ಅಗ್ಗ.

ಮೂರನೇ ಕಿಕ್‌ಗೆ ಹತ್ತಿಕೊಳ್ತು. ಕಾಯಿಸಿ, ಆರಿಸಿ, ಮತ್ತೆ ಕಾಯಿಸಿ, ಎಣ್ಣೆ ಬದಲಿಸಿ, ಐದು ಗಂಟೆ ಓಡಿಸಿದ ಮೇಲೆ ಇನ್‌ಟೇಕ್ ಗ್ಯಾಪ್ ಅಳೆದ್ವಿ: 0.13. ಹತ್ತು ಗಂಟೆಗೂ 0.13. ಅಂಕಿ ಇಳೀಲಿಲ್ಲ, ಅಂದ್ರೆ ಧೂಳು ನಿಂತಿದೆ.

ಹಳೇ ಡರ್ಟ್ ಬೈಕ್ ಕೊಳ್ಳೋ ಯೋಚನೆ ಇರೋರಿಗೆ ಒಂದು ಮಾತು. ನೋಡೋಕೆ ಹೋದಾಗ ಮೊದಲು ಎಂಜಿನ್ ಮುಟ್ಟಿ ನೋಡಿ. ಆಗಲೇ ಬಿಸಿ ಇದ್ರೆ ತಣ್ಣಗಾಗೋ ತನಕ ಕಾಯಿರಿ, ತಣ್ಣಗಿನ ಎಂಜಿನ್ ಕಿಕ್ ಹೊಡೆದು ನೋಡಿ. ಏರ್ ಫಿಲ್ಟರ್ ತೆಗೆಸಿ, ಅದರ ಹಿಂದೆ ಬೆರಳಾಡಿಸಿ. ಕೊನೆಗೆ, ಒಳಗಿರೋ ಶಿಮ್ ಎಷ್ಟು ದಪ್ಪದ್ದು ಅಂತ ಕೇಳಿ. ಲೆಕ್ಕ ಬರೆದಿಟ್ಟವರು ತಕ್ಷಣ ಹೇಳ್ತಾರೆ.