ಸೈಕಲ್ ಉದ್ದವಿದ್ದರೆ ಸಾಕೇ? ಉದ್ದ ಎಲ್ಲಿದೆ ನೋಡಿ

"ಸರ್, ಅಣ್ಣನಿಗೆ ಶಾಲೆಯಲ್ಲಿ ಸಿಕ್ಕ ಹಳೆ ಸೈಕಲ್ ಮಾರಿ, ದಪ್ಪ ಟೈರಿನ ಗೇರ್ ಸೈಕಲ್ ತಗೊಳ್ಳಲಾ?" ಭೌತಶಾಸ್ತ್ರದ ತರಗತಿ ಮುಗಿದ ಮೇಲೆ ನನ್ನನ್ನು ಆಗಾಗ ಕೇಳುವ ಪ್ರಶ್ನೆ ಇದು. ರಾಜ್ಯ ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿದ ಮೇಲೆ ನಮ್ಮ ಬನ್ನೂರಿನ ಸುತ್ತಮುತ್ತ ಅಂಥ ಸೈಕಲ್‌ಗಳು ಸಾಕಷ್ಟಿವೆ. ಮನೆಯವರ ದುಡ್ಡು ಖರ್ಚು ಮಾಡುವ ಮೊದಲು ಒಂದು ಟೇಪ್ ಹಿಡಿದು ಅಳೆಯಿರಿ ಎಂಬುದೇ ನನ್ನ ಉತ್ತರ.

ಏನನ್ನು ಅಳೆಯಬೇಕು?

ಮುಂದಿನ ಚಕ್ರದ ಅಚ್ಚಿನಿಂದ ಹಿಂದಿನ ಚಕ್ರದ ಅಚ್ಚಿನವರೆಗಿನ ದೂರವೇ ವೀಲ್‌ಬೇಸ್. ರೇಸ್ ಸೈಕಲ್ಲಿನಲ್ಲಿ ಇದು ಸುಮಾರು 100 ಸೆಂ.ಮೀ. ಹಾಲು, ಹುಲ್ಲು, ಮೂಟೆ ಹೊರುವ ಹಳೆಯ ಕಪ್ಪು ಸೈಕಲ್ಲಿನಲ್ಲಿ ಸುಮಾರು 115 ಸೆಂ.ಮೀ. ಈ 15 ಸೆಂ.ಮೀ. ಏನು ಮಾಡುತ್ತದೆ?

ಕಲ್ಲು ಹತ್ತಿದಾಗ

5 ಸೆಂ.ಮೀ. ಎತ್ತರದ ಕಲ್ಲಿನ ಮೇಲೆ ಒಂದು ಚಕ್ರ ಹತ್ತಿದರೆ ಚಿಕ್ಕ ಸೈಕಲ್ ಸುಮಾರು 2.9 ಡಿಗ್ರಿ ಓಲುತ್ತದೆ, ಉದ್ದದ್ದು 2.5 ಡಿಗ್ರಿ. ಆದರೆ ಹಿಂದಿನ ಚಕ್ರ ಹತ್ತಿದಾಗ ಸೀಟು ಎಷ್ಟು ಏಳುತ್ತದೆ ಎಂಬುದು ಬೇರೆ ಲೆಕ್ಕ. ಮುಂದಿನ ಅಚ್ಚನ್ನು ಆಧಾರಬಿಂದು ಎಂದುಕೊಳ್ಳಿ. ಸನ್ನೆಗೋಲಿನ ಪಾಠವೇ ಇದು. ಸೀಟು ಹಿಂದಿನ ಅಚ್ಚಿಗಿಂತ 20 ಸೆಂ.ಮೀ. ಮುಂದಿದ್ದರೆ ಚಿಕ್ಕ ಸೈಕಲ್ಲಿನಲ್ಲಿ ಅದು 4 ಸೆಂ.ಮೀ. ಏಳುತ್ತದೆ. ಹಿಂಭಾಗ ಉದ್ದವಾಗಿ ಸೀಟು 30 ಸೆಂ.ಮೀ. ಮುಂದೆ ಬಂದರೆ, 115 ಸೆಂ.ಮೀ. ಸೈಕಲ್ಲಿನಲ್ಲಿ 3.7 ಸೆಂ.ಮೀ. ಮಾತ್ರ. ಉದ್ದವೆಲ್ಲ ಮುಂಭಾಗಕ್ಕೇ ಸೇರಿದ್ದರೆ ಈ ಲಾಭವಿಲ್ಲ.

ಕ್ಯಾರಿಯರ್ ಮೇಲೆ ಅಚ್ಚಿನ ನೇರಕ್ಕೆ ಕೂತ ತಂಗಿಗೆ ಎರಡೂ ಸೈಕಲ್ಲಿನಲ್ಲಿ ಪೂರ್ತಿ 5 ಸೆಂ.ಮೀ. ಏಟು! ಅಚ್ಚಿಗಿಂತ ಹಿಂದೆ ಸರಿದು ಕೂತರೆ ಇನ್ನೂ ಹೆಚ್ಚು. ಆದ್ದರಿಂದ ತಂಗಿಯನ್ನಾಗಲಿ ಪುಸ್ತಕದ ಚೀಲವನ್ನಾಗಲಿ ಸೀಟಿಗೆ ಆದಷ್ಟು ಹತ್ತಿರ ಕೂರಿಸಿ.

ಇಳಿಜಾರಿನಲ್ಲಿ

ಮುಂಭಾಗದ ಉದ್ದ ಬೇರೆ ಕೆಲಸಕ್ಕೆ ಬರುತ್ತದೆ. ನಾಲೆ ಏರಿಯಿಂದ ಗದ್ದೆ ದಾರಿಗೆ ಇಳಿಯುತ್ತಾ ಮುಂದಿನ ಬ್ರೇಕ್ ಜೋರಾಗಿ ಹಿಡಿದರೆ ಹಿಂದಿನ ಚಕ್ರ ಏಳುತ್ತದೆ. ಸವಾರನೂ ಸೇರಿ ದ್ರವ್ಯರಾಶಿ ಕೇಂದ್ರ ನೆಲದಿಂದ 110 ಸೆಂ.ಮೀ. ಮೇಲೆ, ಮುಂದಿನ ಚಕ್ರ ನೆಲ ಮುಟ್ಟುವ ಜಾಗದಿಂದ 55 ಸೆಂ.ಮೀ. ಹಿಂದೆ ಇದ್ದರೆ, ಸಮತಟ್ಟಾದ ನೆಲದಲ್ಲಿ ವೇಗ ತಗ್ಗಿಸಬಹುದಾದ ಮಿತಿ 55/110, ಅಂದರೆ ಗುರುತ್ವ ವೇಗೋತ್ಕರ್ಷದ ಅರ್ಧ. ಅದೇ ದೂರ 66 ಸೆಂ.ಮೀ. ಆದರೆ 0.6 ಭಾಗ. ಇಳಿಜಾರಿನಲ್ಲಿ ಎರಡೂ ಮಿತಿ ಇನ್ನೂ ಕಡಿಮೆಯಾಗುತ್ತವೆ, ಆದರೆ ಉದ್ದದ ಸೈಕಲ್ಲೇ ಮೇಲು. ಗುಡ್ಡಗಾಡು ಸೈಕಲ್‌ಗಳ ಹೆಸರಾಂತ ವಿನ್ಯಾಸಗಾರ, ಅಮೆರಿಕದ ಗ್ಯಾರಿ ಫಿಶರ್ 1990ರ ದಶಕದ ಕೊನೆಯಲ್ಲಿ ಫ್ರೇಮಿನ ಮೇಲಿನ ಕೊಳವೆ ಉದ್ದ ಮಾಡಿ, ಹ್ಯಾಂಡಲ್ ಹಿಡಿದಿರುವ ಸ್ಟೆಮ್ ಗಿಡ್ಡ ಮಾಡಿದರು. ಮುಂದಿನ ಚಕ್ರ ದೂರ ಹೋಯಿತು, ಸವಾರ ಮಾತ್ರ ಅತಿಯಾಗಿ ಬಗ್ಗಬೇಕಾಗಲಿಲ್ಲ. ಇಂದು ಅಂಥ ಅನೇಕ ಸೈಕಲ್‌ಗಳ ವೀಲ್‌ಬೇಸ್ 120 ಸೆಂ.ಮೀ. ದಾಟುತ್ತದೆ.

ನಷ್ಟವೇನು?

ಹ್ಯಾಂಡಲ್ 20 ಡಿಗ್ರಿ ತಿರುಗಿಸಿದರೆ ಚಿಕ್ಕ ಸೈಕಲ್ ಸುಮಾರು 275 ಸೆಂ.ಮೀ. ತ್ರಿಜ್ಯದಲ್ಲಿ ತಿರುಗುತ್ತದೆ, ಉದ್ದದ್ದಕ್ಕೆ 316 ಸೆಂ.ಮೀ. ಬೇಕು. ಕಬ್ಬಿನ ಗದ್ದೆಯ ಬದುವಿನಲ್ಲಿ, ಪೇಟೆಯ ಸಂದಿಯಲ್ಲಿ ಇದು ತೊಡಕೇ. ತೂಕವೂ ಸ್ವಲ್ಪ ಹೆಚ್ಚು. ಇನ್ನು ಸಣ್ಣ ಕಂಪನ ತಗ್ಗಿಸುವುದರಲ್ಲಿ ಫ್ರೇಮಿಗಿಂತ ಟೈರಿನ ಅಗಲ ಮತ್ತು ಗಾಳಿಯ ಒತ್ತಡದ ಪಾತ್ರವೇ ದೊಡ್ಡದು.

ಹಾಗಾಗಿ ಹೊಸ ಸೈಕಲ್ಲಿನ ಬಣ್ಣ, ಸ್ಪ್ರಿಂಗ್ ನೋಡಿ ಮರುಳಾಗಬೇಡಿ. ವೀಲ್‌ಬೇಸ್ ಎಷ್ಟು, ಸೀಟು ಹಿಂದಿನ ಅಚ್ಚಿಗಿಂತ ಎಷ್ಟು ಮುಂದಿದೆ, ನೀವು ಓಡಾಡುವ ದಾರಿ ಯಾವುದು: ಈ ಮೂರನ್ನು ಬರೆದುಕೊಳ್ಳಿ. ಹಳೆಯ ಸೈಕಲ್ಲೇ ಗೆದ್ದರೆ ಒಂದು ಜೊತೆ ಟೈರು, ಬ್ರೇಕ್ ಕಟ್ಟೆ ಬದಲಾಯಿಸಿದರೆ ಸಾಕು.

ಮನೆಗೆಲಸ: ಶುಕ್ರವಾರ ಜುಮಾ ವಿರಾಮದ ನಂತರ ಕಾಲೇಜಿನ ಸ್ಟ್ಯಾಂಡಿನಲ್ಲಿ ಎರಡು ಬಗೆಯ ಸೈಕಲ್ ಅಳೆದು, ಮೇಲಿನ ಲೆಕ್ಕಗಳನ್ನು ನಿಮ್ಮ ಅಳತೆಯಲ್ಲಿ ಮಾಡಿ ತನ್ನಿ.