ಮಕ್ಕಳಿಗೆ ಬರುವ ರಕ್ತದ ಗುಂಪು



ಆಸ್ಪತ್ರೆಯಲ್ಲಿ ರಕ್ತವನ್ನು ಪರೀಕ್ಷಿಸಿ ಅದರ ಗುಂಪನ್ನು ಚೀಟಿಯಲ್ಲಿ ಬರೆದುಕೊಡುವ ವಾಡಿಕೆಯುಂಟು. ತಂದೆಯದು ಎ, ತಾಯಿಯದು ಬಿ, ಮಗುವಿನದೋ ಓ ಎಂದು ಕಂಡುಬಂದರೆ, ವಿಷಯವನ್ನು ತಿಳಿಯದವರು ಬೆರಗಾಗುತ್ತಾರೆ. ಕೆಲವರ ಮನಸ್ಸಿನಲ್ಲಿ ತಾಯಿಯ ಕುರಿತು ಸಂಶಯವೂ ಹುಟ್ಟುವದುಂಟು. ನಿರಪರಾಧಿಯಾದ ಸ್ತ್ರೀಯ ಮೇಲೆ ಇಂಥ ಅಪವಾದವು ಬಾರದಂತೆ ಈ ಪಾಠವನ್ನು ಎಲ್ಲರೂ ಕಲಿತುಕೊಳ್ಳುವದು ಒಳ್ಳೇದು.

1. ಗುಂಪುಗಳು ಯಾವವು?

ಮನುಷ್ಯರೆಲ್ಲರ ರಕ್ತವು ಒಂದೇ ವಿಧವಾದದ್ದಲ್ಲವೆಂದು ವಿಯೆನ್ನಾ ಪಟ್ಟಣದ ಕಾರ್ಲ್ ಲ್ಯಾಂಡ್‌ಸ್ಟೈನರ್ ಎಂಬ ಪಂಡಿತರು 1901ರಲ್ಲಿ ತೋರಿಸಿಕೊಟ್ಟರು. ರಕ್ತದ ಕೆಂಪು ಕಣಗಳ ಮೇಲೆ ಎ ಎಂಬ ಗುರುತಿದ್ದರೆ ಅದು ಎ ಗುಂಪು. ಬಿ ಎಂಬದಿದ್ದರೆ ಬಿ ಗುಂಪು. ಎರಡೂ ಇದ್ದರೆ ಎಬಿ. ಎರಡೂ ಇಲ್ಲದಿದ್ದರೆ ಓ. ಗುರುತೆಂದರೆ ಕಣ್ಣಿಗೆ ಕಾಣುವ ಮಚ್ಚೆಯಲ್ಲ, ಕಣದ ಮೇಲಿರುವ ಒಂದು ಬಗೆಯ ಸಕ್ಕರೆಯ ಅಂಶವೇ.

2. ಎರಡು ಪಾಲುಗಳು

ಈ ಗುರುತುಗಳು ಮಕ್ಕಳಿಗೆ ಬರುವ ಕ್ರಮವನ್ನು ಜರ್ಮನಿಯ ಗಣಿತಪಂಡಿತರಾದ ಫೆಲಿಕ್ಸ್ ಬರ್ನ್‌ಸ್ಟೈನ್ 1924ರಲ್ಲಿ ಸರಿಯಾಗಿ ವಿವರಿಸಿದರು. ಪ್ರತಿ ಮನುಷ್ಯನಲ್ಲಿಯೂ ಇದಕ್ಕೆ ಸಂಬಂಧಪಟ್ಟ ಎರಡು ಪಾಲುಗಳಿವೆ. ಒಂದು ತಂದೆಯಿಂದ, ಒಂದು ತಾಯಿಯಿಂದ ಬಂದದ್ದು. ಓ ಎಂಬ ಪಾಲು ಮೌನವಾದದ್ದು. ಅದು ಎ ಯೊಡನೆ ಸೇರಿದರೆ ಎ ಮಾತ್ರವೇ ತೋರುವದು, ಬಿ ಯೊಡನೆ ಸೇರಿದರೆ ಬಿ ಮಾತ್ರವೇ. ಆದಕಾರಣ ಎ ಗುಂಪಿನವನಲ್ಲಿ ಎ-ಎ ಇರಬಹುದು, ಇಲ್ಲವೆ ಎ-ಓ ಇರಬಹುದು. ಚೀಟಿಯಲ್ಲಿ ಎರಡಕ್ಕೂ ಎ ಎಂದೇ ಬರೆದಿರುತ್ತದೆ.

3. ದೃಷ್ಟಾಂತಗಳು

ತಂದೆಯಲ್ಲಿ ಎ-ಓ, ತಾಯಿಯಲ್ಲಿ ಬಿ-ಓ ಇವೆಯೆಂದು ಇಟ್ಟುಕೊಳ್ಳಿರಿ. ಇಬ್ಬರೂ ಮೌನವಾದ ಪಾಲನ್ನು ಕೊಟ್ಟರೆ ಮಗು ಓ ಗುಂಪಿನದಾಗುವದು. ಇವರ ಮಕ್ಕಳಿಗೆ ನಾಲ್ಕರಲ್ಲಿ ಯಾವ ಗುಂಪಾದರೂ ಬರಬಹುದು. ಪ್ರತಿ ಹೆರಿಗೆಯಲ್ಲಿಯೂ ಒಂದೊಂದಕ್ಕೆ ನಾಲ್ಕರಲ್ಲಿ ಒಂದು ಪಾಲು ಸಂಭವವುಂಟು.

ತಂದೆಯದು ಎಬಿ, ತಾಯಿಯದು ಓ ಆಗಿದ್ದರೆ ಮಕ್ಕಳು ಎ ಇಲ್ಲವೆ ಬಿ ಆಗುವರು. ಸಾಮಾನ್ಯವಾಗಿ ಒಬ್ಬರಾದರೂ ತಂದೆತಾಯಿಗಳ ಗುಂಪನ್ನು ಹೋಲರು. ಇದೇ ಅಲ್ಲಿಯ ಕ್ರಮ. ಇಬ್ಬರದೂ ಓ ಆದರೆ ಮಕ್ಕಳದೂ ಓ.

ಗುಂಪಿನ ಮುಂದೆ ಬರೆಯುವ ಪಾಸಿಟಿವ್, ನೆಗೆಟಿವ್ ಎಂಬವು ಬೇರೊಂದು ಗುರುತಿಗೆ ಸೇರಿದವು. ಅಲ್ಲಿ ನೆಗೆಟಿವ್ ಮೌನವಾದ ಪಾಲು. ಪಾಸಿಟಿವ್ ಆದ ದಂಪತಿಗಳಿಗೆ ನೆಗೆಟಿವ್ ಮಗು ಹುಟ್ಟುವದು ಸಹಜವೇ.

4. ಅಪರೂಪವಾದ ಸಂಗತಿ

ಈ ಕ್ರಮವನ್ನು ಮೀರಿದಂತೆ ತೋರುವ ಒಂದು ಗುಂಪು ನಮ್ಮ ದೇಶದಲ್ಲಿಯೇ ಕಂಡುಬಂತು. 1952ರಲ್ಲಿ ಮುಂಬಯಿಯ ವೈದ್ಯರಾದ ಭೆಂಡೆಯವರೂ ಅವರ ಜೊತೆಗಾರರೂ ಇದನ್ನು ಪ್ರಕಟಿಸಿದ್ದರಿಂದ ಇದಕ್ಕೆ ಬಾಂಬೆ ಗುಂಪೆಂದು ಹೆಸರಾಯಿತು. ಕರ್ನಾಟಕದಲ್ಲಿಯೂ ಇಂಥವರು ಇದ್ದಾರೆ. ಎ, ಬಿ ಗುರುತುಗಳು ಎಚ್ ಎಂಬ ಅಸ್ತಿವಾರದ ಮೇಲೆ ಕಟ್ಟಲ್ಪಡುತ್ತವೆ. ಇವರಲ್ಲಿ ಆ ಅಸ್ತಿವಾರವೇ ಇಲ್ಲ. ಎ ಎಂಬ ಪಾಲು ಇದ್ದರೂ ಅದರ ಗುರುತು ಹೊರಗೆ ತೋರದೆ, ಸಾಧಾರಣ ಪರೀಕ್ಷೆಯಲ್ಲಿ ಓ ಎಂದೇ ಕಾಣುವದು. ಇಂಥ ತಂದೆಯು ಆ ಎ ಪಾಲನ್ನು ಮಗುವಿಗೆ ಕೊಡಬಲ್ಲನು. ಅಸ್ತಿವಾರವು ತಾಯಿಯಿಂದ ದೊರಕಿದರೆ ಮಗು ಎ ಗುಂಪಿನದಾಗುವದು. ಹೀಗೆ ಓ ಎಂದು ಬರೆಯಲ್ಪಟ್ಟ ದಂಪತಿಗಳಿಗೂ ಎ ಮಗು ಹುಟ್ಟಬಹುದು. ಓ ರಕ್ತದಲ್ಲಿ ಎಚ್ ಗುರುತು ಇರುವದರಿಂದ ಬಾಂಬೆ ಗುಂಪಿನ ರೋಗಿಗೆ ಅದನ್ನು ಕೊಟ್ಟರೆ ಪ್ರಾಣಾಪಾಯ. ಅದೇ ಗುಂಪಿನವರ ರಕ್ತವೇ ಬೇಕು.

5. ನಾವು ಕಲಿಯತಕ್ಕದ್ದು

ಚೀಟಿಯ ಅಕ್ಷರವು ರಕ್ತ ಕೊಡುವ ಸಮಯದಲ್ಲಿ ಉಪಯೋಗವಾದದ್ದು. ತಾಯಿಯ ನಡತೆಗೆ ಅದು ಸಾಕ್ಷಿಯಲ್ಲ. ಮಗುವಿನ ಗುಂಪು ಹೊಂದದೆ ಕಂಡರೆ ಮೊದಲು ಪರೀಕ್ಷೆಯನ್ನು ತಿರಿಗಿ ಮಾಡಿಸಿ, ಬಲ್ಲ ವೈದ್ಯರನ್ನು ವಿಚಾರಿಸಿರಿ, ಬರೆಯುವದರಲ್ಲಿಯೂ ತಪ್ಪಾಗುವದುಂಟು. ಅಷ್ಟರೊಳಗೆ ಬಾಯಿಂದ ಹೊರಟ ಮಾತನ್ನು ಯಾರೂ ತಿರಿಗಿ ತರಲಾರರು.

ಪ್ರಶ್ನೆಗಳು: 1. ಬಿ ಗುಂಪಿನವಳಲ್ಲಿ ಇರಬಹುದಾದ ಪಾಲುಗಳು ಯಾವವು? 2. ತಂದೆಯದು ಬಿ, ತಾಯಿಯದು ಓ. ಮಕ್ಕಳಿಗೆ ಯಾವ ಗುಂಪುಗಳು ಬರಬಹುದು? 3. ಬಾಂಬೆ ಗುಂಪಿನವರಿಗೆ ಓ ರಕ್ತವನ್ನು ಯಾಕೆ ಕೊಡಬಾರದು?